ಪತ್ರ ಬ್ಯಾಂಕಿನಲ್ಲಿ, ಬೀಗದ ಕೈ ಮಕ್ಕಳಲ್ಲಿ

ವಯಸ್ಸಾದ ತಂದೆತಾಯಿಗಳು ತಾವು ಕಟ್ಟಿಸಿದ ಮನೆಯನ್ನು ಬಿಟ್ಟು ಬೇರೆಡೆಗೆ ವಾಸ ಬದಲಿಸುವುದು, ಬಿಟ್ಟುಹೋದ ಮನೆಯಲ್ಲಿ ಸಂಪಾದನೆಗೆ ಬಂದ ಮಗನೋ ಮಗಳೋ ಉಳಿದುಕೊಳ್ಳುವುದು, ಆ ಮನೆಯ ಮೇಲಿನ ಸಾಲ ಮಾತ್ರ ಹಿರಿಯರ ಹೆಸರಿನಲ್ಲೇ ಮುಂದುವರಿಯುವುದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಂಥ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ಮನೆಮಂದಿಯ ಕಣ್ಣಿಗೆ ಇದರಲ್ಲಿ ಯೋಚಿಸಬೇಕಾದುದೇನೂ ಇರುವುದಿಲ್ಲ. ಅಪ್ಪನ ಮನೆಯಲ್ಲಿ ಮಕ್ಕಳು ಇರುವುದಕ್ಕೆ ಕಾಗದಪತ್ರವೇಕೆ ಎಂಬುದೇ ಅವರ ಧೋರಣೆ. ಆದರೆ ಸಾಲ ಕೊಟ್ಟ ಬ್ಯಾಂಕು, ಆದಾಯ ತೆರಿಗೆ ಇಲಾಖೆ, ನಗರ ಪಾಲಿಕೆ ಮತ್ತು ನ್ಯಾಯಾಲಯ ಇದೇ ಏರ್ಪಾಡನ್ನು ತಮ್ಮ ತಮ್ಮ ಕಾಯಿದೆಯ ಪ್ರಕಾರ ನೋಡುವುದರಿಂದ, ಒಂದೇ ಮನೆಯಲ್ಲಿರುವ ಒಬ್ಬನೇ ಮಗ ಒಂದು ಕಡೆ ಬಾಡಿಗೆದಾರನಾಗಿ, ಇನ್ನೊಂದು ಕಡೆ ಕೇವಲ ಅನುಮತಿಯ ಮೇಲೆ ವಾಸವಾಗಿರುವವನಾಗಿ, ಮತ್ತೊಂದು ಕಡೆ ಸಾಲಕ್ಕೆ ಜವಾಬ್ದಾರನಾಗಿ ದಾಖಲಾಗುವ ವಿಚಿತ್ರವೂ ನಡೆಯುತ್ತದೆ. ಮುಂದೆ ಎದ್ದೇಳುವ ತೊಡಕುಗಳಲ್ಲಿ ಬಹುಪಾಲು ಹುಟ್ಟುವುದು ಈ ದಾಖಲೆಗಳು ಒಂದಕ್ಕೊಂದು ಹೊಂದದೇ ಇರುವುದರಿಂದಲೇ.

ಈ ಬಡಾವಣೆಗಳ ಮನೆಗಳಿಗೆ ಸಾಲ ಅಂಟಿಕೊಂಡದ್ದು ಹೇಗೆಂಬುದನ್ನು ಮೊದಲು ಗಮನಿಸಬೇಕು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿಯೂ, 1898ರ ಪ್ಲೇಗಿನ ಆಸುಪಾಸಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ನಿವೇಶನಗಳು ಮೂರು ನಾಲ್ಕು ತಲೆಮಾರುಗಳ ಹಿಂದೆಯೇ ಕುಟುಂಬಗಳ ಕೈಸೇರಿದ್ದರಿಂದ, ನೆಲ ಕೊಳ್ಳಲು ಸಾಲ ಮಾಡಿದವರು ಇಲ್ಲಿ ಕಡಿಮೆ. ಸಾಲ ಬಂದದ್ದು ಹೆಂಚಿನ ಮನೆಯನ್ನು ಕೆಡವಿ ಕೆಳಗಿನ ಮನೆ, ಮೇಲಿನ ಮನೆ, ಅದರ ಮೇಲೊಂದು ಮನೆ ಎಂದು ಕಟ್ಟಿಸುವಾಗ, ಅಣ್ಣತಮ್ಮಂದಿರ ಪಾಲನ್ನು ಹಣಕೊಟ್ಟು ಬಿಡಿಸಿಕೊಳ್ಳುವಾಗ, ಇಲ್ಲವೇ ಇದ್ದ ಮನೆಯನ್ನೇ ಆಧಾರವಾಗಿಟ್ಟು ಮಕ್ಕಳ ಹೊರದೇಶದ ಓದಿಗೋ ಕನಕಪುರ ರಸ್ತೆಯ ಹೊಸ ಫ್ಲ್ಯಾಟಿಗೋ ಹಣ ಹೊಂದಿಸುವಾಗ. ಮಹಡಿ ಮೆಟ್ಟಿಲು ಹತ್ತಲಾರದ ಮೊಣಕಾಲು, ಗಾಂಧಿ ಬಜಾರಿನ ವಾಹನ ಸಂದಣಿ, ಲಿಫ್ಟು ಮತ್ತು ಕಾವಲುಗಾರರಿರುವ ಸಮುಚ್ಚಯದ ಅನುಕೂಲ, 2017ರಲ್ಲಿ ನ್ಯಾಷನಲ್ ಕಾಲೇಜು, ಸೌತ್ ಎಂಡ್ ವೃತ್ತಗಳ ಮೂಲಕ ದಕ್ಷಿಣಕ್ಕೆ ತೆರೆದುಕೊಂಡ ಮೆಟ್ರೊ ಮಾರ್ಗ, ಇವೆಲ್ಲವೂ ಸೇರಿ ಹಿರಿಯರನ್ನು ಊರಂಚಿಗೋ ಮೈಸೂರಿಗೋ ಕರೆದೊಯ್ಯುತ್ತವೆ. ಹಳೆಯ ಮನೆಯನ್ನು ಮಾರಲು ಮನಸ್ಸಿಲ್ಲ, ಅಪರಿಚಿತರಿಗೆ ಕೊಡಲು ಧೈರ್ಯವಿಲ್ಲ. ಊರಲ್ಲೇ ಕೆಲಸವಿರುವ ಮಗಳು ಅಲ್ಲಿಯೇ ಇದ್ದುಬಿಡಲಿ ಎಂಬ ತೀರ್ಮಾನ ಹೀಗೆ ಸಹಜವಾಗಿ ಬರುತ್ತದೆ. ಠೇವಣಿಗಿಂತ ಮನೆಯೇ ಭದ್ರ ಎಂಬ ಭಾವನೆಯೂ ಇದರ ಹಿಂದಿದೆ. 2020ರ ಜನವರಿಯಲ್ಲಿ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಹಣ ಹಿಂಪಡೆಯುವ ಮಿತಿಯನ್ನು ಮೊದಲಿಗೆ 35,000 ರೂಪಾಯಿಗೆ ನಿಲ್ಲಿಸಿದ್ದನ್ನು ಆ ಭಾಗದ ನಿವೃತ್ತರು ಮರೆತಿಲ್ಲ.

ಅಡಮಾನವೆಂದರೆ ಮನೆಯನ್ನು ಬ್ಯಾಂಕಿಗೆ ಕೊಟ್ಟಂತೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 58ನೆಯ ಕಲಮು ಅಡಮಾನದ ಹಲವು ಬಗೆಗಳನ್ನು ಹೇಳುತ್ತದೆ. ಅವುಗಳಲ್ಲಿ ಇಂದಿನ ಗೃಹಸಾಲಗಳಿಗೆ ಹೆಚ್ಚಾಗಿ ಬಳಕೆಯಾಗುವುದು ಮೂಲ ಕ್ರಯಪತ್ರಗಳನ್ನು ಬ್ಯಾಂಕಿನಲ್ಲಿ ಒಪ್ಪಿಸುವುದರಿಂದಲೇ ಉಂಟಾಗುವ ಅಡಮಾನ. ಇದರಲ್ಲಿ ಒಡೆತನವೂ ಸ್ವಾಧೀನವೂ ಸಾಲಗಾರನಲ್ಲೇ ಉಳಿದು, ಬಾಕಿ ತೀರದಿದ್ದರೆ ಮನೆಯಿಂದ ವಸೂಲು ಮಾಡಿಕೊಳ್ಳುವ ಹಕ್ಕು ಮಾತ್ರ ಬ್ಯಾಂಕಿಗೆ ಸೇರುತ್ತದೆ. ಪತ್ರ ಒಪ್ಪಿಸಿದ ಬಗೆಗಿನ ಜ್ಞಾಪನ ನೋಂದಣಿಯಾಗಿದ್ದರೆ ಅದು ಋಣಭಾರ ಪತ್ರದಲ್ಲಿ, ಅಂದರೆ ಉಪನೋಂದಣಿ ಕಚೇರಿಯಿಂದ ಪಡೆಯುವ ಇಸಿಯಲ್ಲಿ, ಕಾಣಿಸಿಕೊಳ್ಳುತ್ತದೆ. ಪಾಲಿಕೆಯ ಖಾತೆ, ಕಂದಾಯದ ರಸೀದಿ, ವಿದ್ಯುತ್ ಮೀಟರಿನ ಆರ್‌ಆರ್ ನಂಬರು ಇವೆಲ್ಲ ತಂದೆಯ ಹೆಸರಿನಲ್ಲೇ ಮುಂದುವರಿಯುತ್ತವೆ. ಅಂದಮೇಲೆ ಮನೆಯಲ್ಲಿ ಯಾರು ವಾಸವಾಗಿರಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಮೂಲತಃ ಒಡೆಯನದೇ. ಆ ಅಧಿಕಾರವನ್ನು ಎಷ್ಟರಮಟ್ಟಿಗೆ ಮೊಟಕುಗೊಳಿಸಲಾಗಿದೆ ಎಂಬುದನ್ನು ಸಾಲದ ಕರಾರುಪತ್ರ ಹೇಳುತ್ತದೆ. ಸಹಿ ಹಾಕಿದ ದಿನ ಯಾರೂ ಓದದ ಆ ದಪ್ಪ ಕರಾರಿನಲ್ಲಿ, ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರಕೂಡದು, ದಾನ ಕೊಡಕೂಡದು, ಬಾಡಿಗೆಗೆ ಕೊಡಕೂಡದು, ಸ್ವಾಧೀನ ಬಿಟ್ಟುಕೊಡಕೂಡದು ಎಂಬ ಅರ್ಥದ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಹಾಗಾದರೆ ಮಗನನ್ನು ಇರಿಸುವುದು ಸ್ವಾಧೀನ ಬಿಟ್ಟುಕೊಟ್ಟಂತೆ ಆಗುತ್ತದೆಯೇ? ಬಾಡಿಗೆಯಿಲ್ಲದೆ, ಅವಧಿಯ ಒಪ್ಪಂದವಿಲ್ಲದೆ ಮನೆಯವರನ್ನೇ ಇರಿಸಿದರೆ ಕಾಯಿದೆ ಅದನ್ನು ಲೈಸೆನ್ಸ್, ಅಂದರೆ ಒಡೆಯನ ಅನುಮತಿಯ ಮೇಲಿನ ವಾಸ, ಎಂದು ಪರಿಗಣಿಸುತ್ತದೆ. ಈಸ್‌ಮೆಂಟ್ ಕಾಯಿದೆಯ 52ನೆಯ ಕಲಮಿನ ವ್ಯಾಖ್ಯೆಯಂತೆ ಇಂಥ ಅನುಮತಿಯಿಂದ ಸ್ವತ್ತಿನಲ್ಲಿ ಯಾವ ಹಿತವೂ ಹುಟ್ಟುವುದಿಲ್ಲ; ಕಾನೂನಿನ ದೃಷ್ಟಿಯಲ್ಲಿ ಸ್ವಾಧೀನ ಒಡೆಯನದೇ. ಆದಕಾರಣ ಕಂತು ಸರಿಯಾಗಿ ಸಲ್ಲುತ್ತಿರುವವರೆಗೆ ಮಗನ ವಾಸವನ್ನು ಕರಾರಿನ ಉಲ್ಲಂಘನೆಯೆಂದು ಎತ್ತಿ ಆಡುವ ಪ್ರಸಂಗ ಬ್ಯಾಂಕುಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ. ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳು ಕೇಳಿಬಲ್ಲ ನಿಯಮ ಇದಕ್ಕಿಂತ ಬಿಗಿಯಾದುದು: ಸ್ವಂತ ವಾಸಕ್ಕೆಂದು ಅಲ್ಲಿ ಪಡೆಯುವ ಗೃಹಸಾಲದ ಪ್ರಚಲಿತ ಕರಾರಿನ ಪ್ರಕಾರ, ಸಾಲಗಾರ 60 ದಿನಗಳೊಳಗೆ ಆ ಮನೆಗೆ ಹೋಗಿ ಕನಿಷ್ಠ ಒಂದು ವರ್ಷ ಅಲ್ಲಿ ವಾಸವಾಗಿರಬೇಕು. ಏಕೆಂದರೆ ಸ್ವಂತ ವಾಸದ ಮನೆಗೂ ಹೂಡಿಕೆಯ ಮನೆಗೂ ಅಲ್ಲಿ ಬಡ್ಡಿಯ ದರವೇ ಬೇರೆ. ಭಾರತದ ಬ್ಯಾಂಕುಗಳಲ್ಲಿ ಅಂಥ ವಾಸದ ಷರತ್ತು ರೂಢಿಯಲ್ಲಿಲ್ಲ. ಇಲ್ಲಿನ ಅಪಾಯ ಇರುವುದು ಬೇರೊಂದು ಕಡೆ.

ಅದು ವಿಳಾಸದ್ದು. ಕೇಳುವುದಕ್ಕೆ ಕ್ಷುಲ್ಲಕವೆನಿಸಿದರೂ, ಇಡೀ ವಿಷಯದಲ್ಲಿ ಇದಕ್ಕಿಂತ ಹೆಚ್ಚು ನಷ್ಟ ತರಬಲ್ಲ ಅಂಶ ಇನ್ನೊಂದಿಲ್ಲ. ಕಂತು 90 ದಿನ ಬಾಕಿ ಬಿದ್ದರೆ ಸಾಲವು ಅನುತ್ಪಾದಕ ಆಸ್ತಿಯೆಂದು ವರ್ಗೀಕರಣಗೊಳ್ಳುತ್ತದೆ. ಅನಂತರ 2002ರ ಸರ್ಫೇಸಿ ಕಾಯಿದೆಯ 13(2)ನೆಯ ಕಲಮಿನಂತೆ ಬ್ಯಾಂಕು 60 ದಿನಗಳ ಗಡುವಿನ ನೋಟಿಸು ಕೊಡುತ್ತದೆ. ಗಡುವು ಮೀರಿದರೆ ನ್ಯಾಯಾಲಯದಲ್ಲಿ ದಾವೆ ಹೂಡುವ ಅಗತ್ಯವೇ ಇಲ್ಲದೆ 13(4)ನೆಯ ಕಲಮಿನಡಿ ಸ್ವಾಧೀನಕ್ಕೆ ಮುಂದಾಗಬಹುದು. ಅದರ ವಿರುದ್ಧ ಸಾಲ ವಸೂಲಿ ನ್ಯಾಯಮಂಡಳಿಯ ಮೊರೆಹೋಗಲು ಸಾಲಗಾರನಿಗಿರುವ ಕಾಲ 45 ದಿನ. ಈ ಎಲ್ಲ ಕಾಗದಗಳೂ ಬ್ಯಾಂಕಿನ ದಾಖಲೆಯಲ್ಲಿರುವ ವಿಳಾಸಕ್ಕೆ, ಅಂದರೆ ಹಿರಿಯರು ಈಗಾಗಲೇ ಬಿಟ್ಟುಹೋಗಿರುವ ಮನೆಗೆ, ಬರುತ್ತವೆ. ಕಂತನ್ನು ತಾನು ಕಟ್ಟುವುದಾಗಿ ಮಾತುಕೊಟ್ಟು ಕೆಲಸ ಕಳೆದುಕೊಂಡ ಮಗ ನಾಚಿಕೆಯಿಂದಲೋ ಅಂಜಿಕೆಯಿಂದಲೋ ಆ ಲಕೋಟೆಯನ್ನು ಬದಿಗಿಟ್ಟರೆ, ಮೈಸೂರಿನಲ್ಲಿ ನೆಮ್ಮದಿಯಿಂದಿರುವ ತಂದೆಗೆ ವಿಷಯ ಗೊತ್ತಾಗುವುದು ಬಾಗಿಲಿಗೆ ಸ್ವಾಧೀನದ ನೋಟಿಸು ಅಂಟಿದ ಮೇಲೆ. ನೋಟಿಸು ತಲುಪಲಿಲ್ಲವೆಂಬ ವಾದಕ್ಕೆ, ವಿಳಾಸ ಬದಲಾದುದನ್ನು ತಿಳಿಸದವರ ಬಾಯಲ್ಲಿ ಬೆಲೆ ಕಡಿಮೆ. 13(2)ರ ನೋಟಿಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮನೆಯನ್ನು ಬಾಡಿಗೆಗೋ ಪರಭಾರೆಗೋ ಕೊಡುವಂತೆಯೂ ಇಲ್ಲ.

ಮೇಲಿನ ಮನೆಗಳ ಪ್ರಶ್ನೆ ಇದಕ್ಕಿಂತ ಜಟಿಲ. ಈ ಬಡಾವಣೆಗಳಲ್ಲಿ ಮಹಡಿಯ ಬಾಡಿಗೆಯೇ ಸಾಲದ ಕಂತಿಗೆ ಆಸರೆಯಾದ್ದರಿಂದ, ಹಿರಿಯರು ಹೊರಟುಹೋದ ಮೇಲೆ ಕೆಳಗಿನ ಮನೆಯಲ್ಲಿ ಉಳಿದ ಮಗನೇ ಮಹಡಿಯ ಬಾಡಿಗೆಯನ್ನು ವಸೂಲು ಮಾಡಿ ಕಂತು ಕಟ್ಟುವುದು ರೂಢಿಗೆ ಬರುತ್ತದೆ. ಅಡಮಾನವಿಟ್ಟ ಮನೆಯನ್ನು ಬಾಡಿಗೆಗೆ ಕೊಡುವ ಬಗ್ಗೆ ಸ್ವತ್ತು ವರ್ಗಾವಣೆ ಕಾಯಿದೆಯ 65ಎ ಕಲಮು ಸ್ಪಷ್ಟವಾಗಿ ಮಾತಾಡುತ್ತದೆ: ಅಡಮಾನ ಪತ್ರದಲ್ಲಿ ಬೇರೆ ಮಾತಿಲ್ಲದಿದ್ದರೆ ಒಡೆಯನು ಬಾಡಿಗೆಗೆ ಕೊಡಬಹುದು, ಆದರೆ ಕಟ್ಟಡದ ಬಾಡಿಗೆಯ ಅವಧಿ ಮೂರು ವರ್ಷ ಮೀರಕೂಡದು, ಬಾಡಿಗೆ ನ್ಯಾಯವಾಗಿ ಸಿಗಬಹುದಾದ ಗರಿಷ್ಠ ಮೊತ್ತವಾಗಿರಬೇಕು, ಮುಂಗಡವಾಗಿ ಇಡಿಗಂಟು ಪಡೆಯಕೂಡದು. ಕೊನೆಯ ಷರತ್ತು ಬೆಂಗಳೂರಿಗೆ ನೇರವಾಗಿ ತಟ್ಟುತ್ತದೆ. ಇಲ್ಲಿ ಲೀಸ್ ಎಂದೋ ಭೋಗ್ಯವೆಂದೋ ಕರೆಯುವ ಪದ್ಧತಿಯಲ್ಲಿ ವಾಸಕ್ಕೆ ಬರುವವರು ಹಲವು ಲಕ್ಷ ರೂಪಾಯಿಗಳ ಇಡಿಗಂಟನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಅದೇ ಮೊತ್ತವನ್ನು ವಾಪಸು ಪಡೆಯುತ್ತಾರೆ. ಕಾಯಿದೆಯ ದೃಷ್ಟಿಯಲ್ಲಿ ಇದು ಬಾಡಿಗೆಗಿಂತ 58ನೆಯ ಕಲಮಿನ ಭೋಗ್ಯ ಅಡಮಾನಕ್ಕೆ, ಅಂದರೆ ಬಡ್ಡಿಯ ಬದಲಿಗೆ ಸ್ವತ್ತಿನ ಅನುಭೋಗವನ್ನೇ ಬಿಟ್ಟುಕೊಡುವ ಅಡಮಾನಕ್ಕೆ, ಹತ್ತಿರವಾದುದು. ಹಾಗೆ ಪರಿಗಣಿತವಾದರೆ ಅದಕ್ಕೆ ನೋಂದಣಿ ಕಡ್ಡಾಯ. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಒತ್ತಿಸಿದ ಲೀಸ್ ಕರಾರು ಬ್ಯಾಂಕಿನ ಮುಂದೆ ನಿಲ್ಲುವುದಿಲ್ಲ. ತಂದೆಯ ಮನೆಯ ಮಹಡಿಯನ್ನು ಮಗ ತನ್ನ ವ್ಯಾಪಾರದ ತುರ್ತಿಗೆ ಹೀಗೆ ಲೀಸ್‌ಗೆ ಹಾಕಿ, ಬಂದ ಹಣ ಕರಗಿ, ಇತ್ತ ಬ್ಯಾಂಕಿನ ಕಂತೂ ನಿಂತಾಗ, ಇಡಿಗಂಟು ಕೊಟ್ಟ ಕುಟುಂಬವೊಂದು ಬೀದಿಗೆ ಬೀಳುತ್ತದೆ ಮತ್ತು ಪೊಲೀಸ್ ದೂರಿನಲ್ಲಿ ಒಡೆಯನಾದ ತಂದೆಯ ಹೆಸರೇ ಮೊದಲು ಬರುವ ಸಂಭವವಿದೆ. ವಾಸದ ಅನುಮತಿ ಕೊಡುವಾಗ ಲೀಸ್‌ಗೆ ಹಾಕುವ ಅಧಿಕಾರವನ್ನು ಮಾತಿನಲ್ಲೂ ಬರಹದಲ್ಲೂ ನಿರಾಕರಿಸುವುದು ಕಠೋರತನವೆನ್ನಿಸಬೇಕಾಗಿಲ್ಲ. ಮಕ್ಕಳಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಡುವವರಂತೂ ಅದರಲ್ಲಿ ಅಡಮಾನದ ಮತ್ತು ಭೋಗ್ಯದ ಅಧಿಕಾರ ಸೇರಿಕೊಂಡಿದೆಯೇ ಎಂದು ಎರಡು ಸಲ ಓದಬೇಕು.

ಬಾಡಿಗೆಯ ಹಣ ಮಗನ ಖಾತೆಗೆ ಹೋದರೂ ಅದರ ಆದಾಯ ತೆರಿಗೆ ತಂದೆಯ ತಲೆಯ ಮೇಲೆಯೇ ಇರುತ್ತದೆ. ಸ್ವತ್ತನ್ನು ವರ್ಗಾಯಿಸದೆ ಅದರ ವರಮಾನವನ್ನಷ್ಟೇ ಬೇರೆಯವರಿಗೆ ಬಿಟ್ಟುಕೊಟ್ಟರೆ ಆ ವರಮಾನ ಒಡೆಯನದೇ ಎಂಬುದು 1961ರ ಆದಾಯ ತೆರಿಗೆ ಕಾಯಿದೆಯ 60ನೆಯ ಕಲಮಿನ ನಿಲುವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾದರೂ ಈ ತತ್ತ್ವ ಹಾಗೆಯೇ ಉಳಿದಿದೆ. ಮಗ ವಾಸವಾಗಿರುವ ಭಾಗದ ಲೆಕ್ಕ ಬೇರೆ. ಒಡೆಯನು ತಾನೇ ವಾಸವಾಗಿರುವ, ಇಲ್ಲವೇ ಯಾವುದೇ ಕಾರಣದಿಂದ ವಾಸವಾಗಿರಲಾಗದ ಎರಡು ಮನೆಗಳವರೆಗೆ ವಾರ್ಷಿಕ ಮೌಲ್ಯವನ್ನು ಶೂನ್ಯವೆಂದು ಗಣಿಸಲು 2025ರ ಹಣಕಾಸು ಕಾಯಿದೆ ಅವಕಾಶ ಕೊಟ್ಟಿರುವುದರಿಂದ, ಹೊಸ ಫ್ಲ್ಯಾಟು ಒಂದು, ಮಗನಿಗೆ ಬಿಟ್ಟ ಹಳೆಯ ಮನೆ ಇನ್ನೊಂದು ಎಂದಾದರೆ ಹಿರಿಯರಿಗೆ ಕಾಲ್ಪನಿಕ ಬಾಡಿಗೆಯ ಮೇಲಿನ ತೆರಿಗೆಯ ಹೊರೆ ಬೀಳುವುದಿಲ್ಲ. ಮೂರನೆಯ ಮನೆಯಿದ್ದರೆ ಮಾತ್ರ, ಬಾಡಿಗೆ ಬರಲಿ ಬಿಡಲಿ, ಬಂದೀತೆಂಬ ಅಂದಾಜಿಗೆ ತೆರಿಗೆ ತಗಲುತ್ತದೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಇಂಥ ಎರಡೂ ಮನೆಗಳ ಸಾಲದ ಬಡ್ಡಿ ಒಟ್ಟಾಗಿ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಕಳೆಯಲು ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ ವಿನಾಯಿತಿ ಇಲ್ಲ.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಪಡೆಯುವ ಮಗಳು ತಂದೆಗೆ ಬಾಡಿಗೆ ಕೊಡುತ್ತಿರುವುದಾಗಿ ಕಂಪನಿಗೆ ರಸೀದಿ ಸಲ್ಲಿಸುತ್ತಾಳೆ. ತಂದೆ ಅದೇ ಮನೆಯನ್ನು ಸ್ವಂತ ವಾಸದ್ದೆಂದು ತೆರಿಗೆ ವಿವರಣೆಯಲ್ಲಿ ತೋರಿಸುತ್ತಾರೆ. ಪಾಲಿಕೆಯ ಕಂದಾಯದ ನಮೂನೆಯಲ್ಲೂ ಮಾಲೀಕರ ವಾಸವೆಂದೇ ಬರೆಯುತ್ತಾರೆ. ತಂದೆತಾಯಿಗೆ ಬಾಡಿಗೆ ಕೊಟ್ಟು ಭತ್ಯೆಯ ವಿನಾಯಿತಿ ಪಡೆಯುವುದು, ಹಳೆಯ ಪದ್ಧತಿಯಲ್ಲಿ, ಅಕ್ರಮವೇನಲ್ಲ. ಹಣ ನಿಜವಾಗಿ ಬ್ಯಾಂಕಿನ ಮೂಲಕ ಸಂದಿರಬೇಕು, ತಂದೆ ಅದನ್ನು ವರಮಾನವೆಂದು ತೋರಿಸಬೇಕು, ಅಷ್ಟೆ. ಆದರೆ ಹಾಗೆ ಬಾಡಿಗೆ ಪಡೆದ ಕ್ಷಣದಿಂದ ಮನೆ ಸ್ವಂತ ವಾಸದ್ದಾಗಿ ಉಳಿಯುವುದಿಲ್ಲ, ಮಗಳು ಅನುಮತಿದಾರಳಾಗಿ ಉಳಿಯುವುದಿಲ್ಲ, ಬ್ಯಾಂಕಿನ ಲಿಖಿತ ಒಪ್ಪಿಗೆಯ ಷರತ್ತು ನಿಜಕ್ಕೂ ಅನ್ವಯವಾಗುತ್ತದೆ. ಕಂದಾಯವೂ ಬದಲಾಗುತ್ತದೆ, 2008ರಿಂದ ಬೆಂಗಳೂರಿನಲ್ಲಿ ಜಾರಿಗೆ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ ಮಾಲೀಕರೇ ವಾಸವಾಗಿರುವ ಮನೆಗಿಂತ ಬಾಡಿಗೆಯ ಮನೆಗೆ ಚದರಡಿಯ ದರವನ್ನು ಇಮ್ಮಡಿಯಾಗಿ ನಿಗದಿಪಡಿಸಲಾಗಿತ್ತು. ತೆರಿಗೆಯಲ್ಲಿ ಉಳಿಯುವ ಕೆಲವು ಸಾವಿರಕ್ಕಾಗಿ ಮೂರು ಕಚೇರಿಗಳಲ್ಲಿ ಮೂರು ಕಥೆ ಹೇಳುವ ಈ ಜಾಣತನವನ್ನು ಲೆಕ್ಕ ಪರಿಶೋಧಕರು ನಗುತ್ತಲೇ ಒಪ್ಪಿಕೊಳ್ಳುವುದುಂಟು. ಪಾನ್ ಮತ್ತು ಆಧಾರ್ ಸಂಖ್ಯೆಗಳ ಮೂಲಕ ಎಲ್ಲ ದಾಖಲೆಗಳೂ ಒಂದೆಡೆ ಸೇರುತ್ತಿರುವ ಕಾಲದಲ್ಲಿ ಅದು ಜಾಣತನವಲ್ಲ.

ಕಂತು ಯಾರು ಕಟ್ಟುತ್ತಾರೆ ಎಂಬುದರಿಂದ ಮನೆ ಯಾರದು ಎಂಬುದು ನಿರ್ಧಾರವಾಗುವುದಿಲ್ಲ. ನಿವೃತ್ತಿಯ ಅಂಚಿನಲ್ಲಿರುವವರಿಗೆ ದೀರ್ಘಾವಧಿಯ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುವುದರಿಂದ, ಸಂಪಾದನೆಯಿರುವ ಮಗನನ್ನು ಸಹ ಅರ್ಜಿದಾರನನ್ನಾಗಿ ಸೇರಿಸಿಕೊಳ್ಳುವುದು ಸಾಮಾನ್ಯ ಕ್ರಮ. ಹೀಗೆ ಸೇರಿದವನು ಸಾಲಕ್ಕೆ ಪೂರ್ಣ ಜವಾಬ್ದಾರನಾದರೂ ಕ್ರಯಪತ್ರದಲ್ಲಿ ಹೆಸರಿಲ್ಲದಿದ್ದರೆ ಮನೆಯಲ್ಲಿ ಒಂದಿಂಚಿಗೂ ಒಡೆಯನಲ್ಲ. ಒಡೆಯನಲ್ಲದ್ದರಿಂದ ತಾನು ಕಟ್ಟಿದ ಬಡ್ಡಿಗೆ ತೆರಿಗೆ ವಿನಾಯಿತಿಯೂ ಅವನಿಗೆ ದೊರೆಯುವುದಿಲ್ಲ. ಇಷ್ಟಾಗಿಯೂ ಆ ಸಾಲ ಅವನ ಸಿಬಿಲ್ ವರದಿಯಲ್ಲಿ ಕುಳಿತು, ನಾಳೆ ಅವನೇ ಸ್ವಂತ ಮನೆಗೆ ಸಾಲ ಕೇಳಿದಾಗ ಅವನ ಅರ್ಹತೆಯನ್ನು ಕುಗ್ಗಿಸುತ್ತದೆ. ಹತ್ತು ವರ್ಷ ಕಂತು ಕಟ್ಟಿದ ಮಗ ಮನೆಯನ್ನು ತನ್ನದೆಂದು ಭಾವಿಸುವುದು ಮನುಷ್ಯ ಸಹಜ, ಆದರೆ ಕಾಯಿದೆಯ ದೃಷ್ಟಿಯಲ್ಲಿ ಅವನು ಕೊಟ್ಟದ್ದು ತಂದೆಗೆ ಮಾಡಿದ ನೆರವು, ಇಲ್ಲವೇ ವಾಸಕ್ಕೆ ಪ್ರತಿಯಾಗಿ ಕೊಟ್ಟ ಹಣ. ಎರಡರಲ್ಲಿ ಯಾವುದೆಂದು ಬರೆದಿಡದಿದ್ದರೆ ತಂದೆಯ ಕಾಲಾನಂತರ ಆ ಪ್ರಶ್ನೆಗೆ ಉತ್ತರ ಹೇಳುವವರು ಯಾರೂ ಉಳಿದಿರುವುದಿಲ್ಲ.

ಆ ಪ್ರಶ್ನೆ ಎತ್ತುವವರು ಮಾತ್ರ ಇದ್ದೇ ಇರುತ್ತಾರೆ. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಸ್ವಯಾರ್ಜಿತ ಆಸ್ತಿ ಹೆಂಡತಿಗೆ, ತಾಯಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೆ ಸಮನಾಗಿ ಹಂಚಿಹೋಗುತ್ತದೆ. ಮನೆಯಲ್ಲಿ ವಾಸವಾಗಿದ್ದ ಮಗನಿಗೂ ಅಮೆರಿಕದಲ್ಲಿರುವ ಮಗಳಿಗೂ ಪಾಲು ಒಂದೇ, ಸಾಲದ ಹೊರೆಯೂ ಮನೆಯ ಜೊತೆಗೇ ಬರುತ್ತದೆ. ಗಂಡು ವಾರಸುದಾರರು ವಿಭಾಗಕ್ಕೆ ಮುಂದಾಗುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳಲಾಗದೆಂಬ ಹಳೆಯ ನಿರ್ಬಂಧ 2005ರ ತಿದ್ದುಪಡಿಯಿಂದ ರದ್ದಾಯಿತು. ಈ ಬಡಾವಣೆಗಳ ಮಟ್ಟಿಗೆ ಇನ್ನೊಂದು ಎಚ್ಚರ ಅಗತ್ಯ: ಅಜ್ಜನ ಕಾಲದ ನಿವೇಶನ ಕಾಗದದ ಮೇಲೆ ತಂದೆಯೊಬ್ಬರ ಹೆಸರಿನಲ್ಲಿದ್ದರೂ ಸ್ವರೂಪದಲ್ಲಿ ಪಿತ್ರಾರ್ಜಿತವಾಗಿರಬಹುದು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿನ ತಿದ್ದುಪಡಿ 1994ರ ಜುಲೈ 30ರಂದೇ ಜಾರಿಗೆ ಬಂತು, ಕೇಂದ್ರದ ತಿದ್ದುಪಡಿ ಬಂದದ್ದು ಅನಂತರ ಹನ್ನೊಂದು ವರ್ಷಕ್ಕೆ. ಅಂಥ ಮನೆಯಲ್ಲಿ ಮಗ ಅನುಮತಿಯಿಂದಲ್ಲ, ಹಕ್ಕಿನಿಂದಲೇ ಇರುತ್ತಾನೆ. ಅದೇ ಹಕ್ಕು ಬೇರೆಡೆ ಇರುವ ಮಗಳಿಗೂ ಇರುತ್ತದೆ.

ಸ್ವಯಾರ್ಜಿತ ಮನೆಯ ಬಗ್ಗೆ ನ್ಯಾಯಾಲಯಗಳ ಮಾತು ನಿಚ್ಚಳವಾಗಿದೆ. ಗೋವಾದ ಮನೆಯೊಂದರ ಬಗ್ಗೆ ಒಡಹುಟ್ಟಿದವರ ನಡುವೆ ನಡೆದ ವ್ಯಾಜ್ಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು, ಬಾಂಧವ್ಯದಿಂದಲೋ ಉಸ್ತುವಾರಿಗಾಗಿಯೋ ಇರಿಸಿಕೊಂಡವರು ಎಷ್ಟೇ ವರ್ಷ ಉಳಿದರೂ ಅವರಿಗೆ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲವೆಂದು ಹೇಳಿತು. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ತಂದೆತಾಯಿಗಳ ಸ್ವಯಾರ್ಜಿತ ಮನೆಯಲ್ಲಿ ಮಗ ಇರಬಹುದಾದದ್ದು ಅವರ ದಯೆಯಿಂದ, ಅವರು ಒಪ್ಪುವವರೆಗೆ ಮಾತ್ರ ಎಂದಿತು. ಹನ್ನೆರಡು ವರ್ಷ ಇದ್ದರೆ ಮನೆ ತನ್ನದಾಗುತ್ತದೆಂಬ ನಂಬಿಕೆ ಪ್ರತಿಕೂಲ ಸ್ವಾಧೀನದ ನಿಯಮವನ್ನು ಅರ್ಧ ಕೇಳಿ ಹುಟ್ಟಿಕೊಂಡದ್ದು. ಅನುಮತಿಯಿಂದ ಆರಂಭವಾದ ವಾಸ ತಾನಾಗಿ ಪ್ರತಿಕೂಲವಾಗುವುದಿಲ್ಲ. ಆಧಾರ್ ಕಾರ್ಡಿನಲ್ಲಿ ಆ ಮನೆಯ ವಿಳಾಸವಿರುವುದರಿಂದಲೂ, ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೆ ಮಗನ ಹೆಸರು ಜೋಡಣೆಯಾಗಿರುವುದರಿಂದಲೂ ಒಡೆತನ ಬರುವುದಿಲ್ಲ.

ಮಗನ ಮದುವೆಯಾದ ಮೇಲೆ ಚಿತ್ರ ಬದಲಾಗುತ್ತದೆ ಮತ್ತು ಇಲ್ಲಿ ಬೆಂಗಳೂರಿನದೇ ಒಂದು ಪ್ರಕರಣ ದೇಶಕ್ಕೆ ಮಾರ್ಗಸೂಚಿಯಾಗಿದೆ. ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣಕ್ಕಾಗಿ 2007ರಲ್ಲಿ ಬಂದ ಕಾಯಿದೆಯಡಿ ತಂದೆತಾಯಿಗಳು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಪರಿಹಾರ ಪಡೆಯಬಹುದು. ಉತ್ತರ ಬೆಂಗಳೂರಿನ ಮನೆಯೊಂದರಿಂದ ಸೊಸೆಯನ್ನು ತೆರವುಗೊಳಿಸಲು ಅತ್ತೆಮಾವಂದಿರು ಈ ಕಾಯಿದೆಯನ್ನು ಬಳಸಿ, ಕೆಳಗಿನ ಅಧಿಕಾರಿಗಳಿಂದಲೂ ಕರ್ನಾಟಕ ಉಚ್ಚ ನ್ಯಾಯಾಲಯದಿಂದಲೂ ಅನುಕೂಲದ ಆದೇಶ ಪಡೆದಿದ್ದರು. 2020ರ ಡಿಸೆಂಬರ್ 15ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಆ ಆದೇಶವನ್ನು ರದ್ದುಪಡಿಸಿ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ ಸೊಸೆಗೆ ಕೊಟ್ಟಿರುವ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯಿದೆಯ ಸಂಕ್ಷಿಪ್ತ ವಿಚಾರಣೆಯಿಂದ ಮೆಟ್ಟಿಹಾಕಲಾಗದು, ಎರಡೂ ಕಾಯಿದೆಗಳನ್ನು ಹೊಂದಿಸಿ ಓದಬೇಕು ಎಂದು ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಮತ್ತೊಂದು ತೀರ್ಪು, ಮನೆ ಮಾವನ ಹೆಸರಿನಲ್ಲಿದ್ದರೂ ಅದು ಸೊಸೆಯ ಸಂಸಾರ ನಡೆದ ‘ಕೂಡುವಾಸದ ಮನೆ’ ಆಗಬಹುದೆಂದು ಹೇಳಿತ್ತು. ಮಗನಿಗೆ ಕೊಟ್ಟ ಅನುಮತಿಯನ್ನು ಹಿಂಪಡೆಯುವುದು ಸುಲಭ, ಸೊಸೆಯ ವಾಸವನ್ನು ಕೊನೆಗಾಣಿಸುವುದು ಸುಲಭವಲ್ಲ. ಹಾಗಿರಬೇಕಾದುದೂ ನ್ಯಾಯವೇ, ಏಕೆಂದರೆ ಮಗನೊಡನೆ ಒಳಗೊಳಗೇ ರಾಜಿಮಾಡಿಕೊಂಡು ಸೊಸೆಯನ್ನಷ್ಟೇ ಹೊರಗೆ ಕಳಿಸುವ ದಾರಿಯಾಗಿ ಹಿರಿಯರ ಕಾಯಿದೆ ದುರುಪಯೋಗವಾಗುವ ಸಾಧ್ಯತೆ ಕಡಿಮೆಯೇನಲ್ಲ.

ಇಷ್ಟೆಲ್ಲ ತಾಪತ್ರಯಕ್ಕಿಂತ ಮನೆಯನ್ನು ಮಗನಿಗೋ ಮಗಳಿಗೋ ಬರೆದುಕೊಟ್ಟುಬಿಡುವುದೇ ಲೇಸೆಂದು ಹಲವರು ಯೋಚಿಸುತ್ತಾರೆ. ಹತ್ತಿರದ ಸಂಬಂಧಿಕರ ನಡುವಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಕ್ರಯಕ್ಕಿರುವಂತೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲದೆ ಸಣ್ಣ ನಿಗದಿತ ಮೊತ್ತವಷ್ಟೇ ಇರುವುದು ಇದಕ್ಕೆ ಪ್ರಚೋದನೆ. ಆದರೆ ಅಡಮಾನ ತೀರುವವರೆಗೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ದಾನ ಮಾಡಿದರೆ ಕರಾರು ಮುರಿದಂತಾಗುತ್ತದೆ, ದಾನ ಪಡೆದವರಿಗೂ ಸಾಲದ ಹೊರೆಹೊತ್ತ ಮನೆಯೇ ಸಿಗುತ್ತದೆ. ಕೊಟ್ಟ ಮೇಲೆ ಮಕ್ಕಳು ನೋಡಿಕೊಳ್ಳದಿದ್ದರೆ ದಾನವನ್ನು ರದ್ದುಪಡಿಸಲು 2007ರ ಕಾಯಿದೆಯ 23ನೆಯ ಕಲಮಿನಲ್ಲಿ ದಾರಿಯಿದ್ದರೂ, ನೋಡಿಕೊಳ್ಳುವ ಷರತ್ತಿಗೆ ಒಳಪಟ್ಟೇ ದಾನ ನಡೆಯಿತೆಂಬುದು ಸಿದ್ಧವಾಗಬೇಕೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಓದಿ, ನ್ಯಾಯಮಂಡಳಿ ಸ್ವಾಧೀನವನ್ನೂ ವಾಪಸು ಕೊಡಿಸಬಹುದೆಂದಿತು. ಷರತ್ತನ್ನು ದಾನಪತ್ರದಲ್ಲೇ ಬರೆಸುವುದಕ್ಕೆ ಸಂಕೋಚಪಡುವವರು ದಾನವನ್ನೇ ಮುಂದಕ್ಕೆ ಹಾಕಿ ಉಯಿಲು ಬರೆದಿಡುವುದು ಮೇಲು.

ರಿವರ್ಸ್ ಮಾರ್ಟ್‌ಗೇಜ್ ಎಂಬ ವಿಶೇಷ ಸಾಲ ಪಡೆದವರಿಗಂತೂ ಈ ಲೇಖನದಲ್ಲಿ ಹೇಳಿದ ಸ್ವಾತಂತ್ರ್ಯವೇ ಇಲ್ಲ. ರಾಷ್ಟ್ರೀಯ ವಸತಿ ಬ್ಯಾಂಕಿನ ಮಾರ್ಗಸೂಚಿಗಳಡಿ 60 ವರ್ಷ ದಾಟಿದವರು ತಾವಿರುವ ಮನೆಯನ್ನು ಆಧಾರವಾಗಿಟ್ಟು ಬ್ಯಾಂಕಿನಿಂದ ನಿಯತವಾಗಿ ಹಣ ಪಡೆಯುವ ಈ ಏರ್ಪಾಡಿನ ತಳಹದಿಯೇ ಹಿರಿಯರು ಆ ಮನೆಯಲ್ಲಿ ವಾಸವಾಗಿರುವುದು. ಅವರು ಶಾಶ್ವತವಾಗಿ ಬೇರೆಡೆಗೆ ಹೋದರೆ, ವಾಡಿಕೆಯ ಲೆಕ್ಕದಲ್ಲಿ ಒಂದು ವರ್ಷ ಎಡೆಬಿಡದೆ ಅಲ್ಲಿರದಿದ್ದರೆ, ಒಳಗೆ ಮಗನೇ ಇದ್ದರೂ ಸಾಲ ತೀರುವಳಿಗೆ ಬರುತ್ತದೆ.

ಮಿಕ್ಕವರು ಮಾಡಬೇಕಾದುದು ದೊಡ್ಡ ಕೆಲಸವಲ್ಲ. ಇರುವವರು ಅನುಮತಿಯ ಮೇಲಿದ್ದಾರೋ, ಬಾಡಿಗೆಗಿದ್ದಾರೋ, ಒಡೆತನದಲ್ಲಿ ಪಾಲುದಾರರೋ ಎಂಬುದನ್ನು ಮೊದಲು ಕುಟುಂಬದೊಳಗೆ ತೀರ್ಮಾನಿಸಿ, ಅದೇ ಒಂದು ಮಾತನ್ನು ಬ್ಯಾಂಕಿಗೂ ತೆರಿಗೆ ಇಲಾಖೆಗೂ ಪಾಲಿಕೆಗೂ ಹೇಳಬೇಕು. ಅನುಮತಿಯಾದರೆ ಒಂದು ಪುಟದ ಪತ್ರ ಸಾಕು: ಕಂತು, ಕಂದಾಯ, ರಿಪೇರಿಯ ಖರ್ಚು ಯಾರದು, ಮಹಡಿಯ ಬಾಡಿಗೆ ಯಾರ ಖಾತೆಗೆ, ಮನೆ ಬೇಕೆಂದಾಗ ಎಷ್ಟು ತಿಂಗಳ ಸೂಚನೆ, ಮಗ ಕಟ್ಟಿದ ಕಂತಿನ ಹಣ ನೆರವೋ ಮುಂದೆ ಪಾಲಿನಲ್ಲಿ ಹೊಂದಿಸತಕ್ಕದ್ದೋ ಎಂಬುದನ್ನು ಬರೆದು, ಹೊರಗಿರುವ ಮಕ್ಕಳಿಗೂ ಒಂದು ಪ್ರತಿ ಕಳಿಸಬೇಕು. ಕಂತು ಮಗನ ಖಾತೆಯಿಂದ ಹೋಗುತ್ತಿದ್ದರೂ ಸಾಲದ ಖಾತೆಯ ಸಂದೇಶ ತಂದೆಯ ಮೊಬೈಲಿಗೆ ಬರುವಂತಿರಬೇಕು. ಸಾಲ ತೀರಿದ ಮೇಲೆ ಮೂಲ ಪತ್ರಗಳನ್ನು 30 ದಿನಗಳೊಳಗೆ ಹಿಂದಿರುಗಿಸುವುದು 2023ರ ಡಿಸೆಂಬರ್ 1ರಿಂದ ಬ್ಯಾಂಕುಗಳ ಹೊಣೆ, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ವಾಪಸು ಬಂದ ಮೇಲೆ ಇಸಿಯಲ್ಲಿ ಅಡಮಾನದ ನಮೂದು ತೆರವಾಗಿದೆಯೇ ಎಂದು ನೋಡಿಕೊಳ್ಳುವುದು ಮಾಲೀಕರ ಹೊಣೆ. ಮಕ್ಕಳೊಡನೆ ಮಾತು ಕೆಟ್ಟು ದಿಕ್ಕುತೋಚದ ಹಿರಿಯರಿಗೆ ಬೆಂಗಳೂರಿನಲ್ಲಿ 1090 ಎಂಬ ಹಿರಿಯರ ಸಹಾಯವಾಣಿಯೂ, ದೇಶದೆಲ್ಲೆಡೆ 14567 ಎಂಬ ಎಲ್ಡರ್‌ಲೈನ್ ಕೂಡ ಇವೆ. ಆದರೆ ಇವೆಲ್ಲಕ್ಕಿಂತ ಮೊದಲು, ಸಾಮಾನಿನ ಲಾರಿ ಬಾಗಿಲಿಗೆ ಬರುವ ವಾರವೇ, ಹೊಸ ವಿಳಾಸವನ್ನೂ ಹಳೆಯ ಮನೆಯಲ್ಲಿ ಯಾರಿರುತ್ತಾರೆಂಬುದನ್ನೂ ತಿಳಿಸುವ ಒಂದು ಪತ್ರವನ್ನು ಸಾಲ ಕೊಟ್ಟ ಶಾಖೆಗೆ ಖುದ್ದಾಗಿ ಕೊಟ್ಟು, ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.